ಮನೆಯ ಧೂಪ ಅರ್ಧಕ್ಕೇ ಆರಿಹೋಗುತ್ತಿದೆಯಾ? ತುದಿ ನೋಡಿ ದೋಷ ಹಿಡಿಯಿರಿ

ಮನೆಯಲ್ಲಿ ಮಾಡಿದ ಧೂಪ ಸರಿ ಬರದಿದ್ದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಸಾಮಗ್ರಿಗೆ. ಇನ್ನೊಂದು ಹಿಡಿ ಸಾಂಬ್ರಾಣಿ, ಇನ್ನೆರಡು ಬಿಲ್ಲೆ ಕರ್ಪೂರ, ಮೇಲೊಂದು ಚಮಚ ತುಪ್ಪ. ಇದರಿಂದ ಇದ್ದ ದೋಷದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ, ಅಷ್ಟೇ. ಬಹುಪಾಲು ತೊಂದರೆಗಳ ಮೂಲ ಬೆಂಕಿಯಲ್ಲಿದೆ. ಕೆಂಡಕ್ಕೆ ಗಾಳಿ ಸಾಲುತ್ತಿಲ್ಲ, ಒಳಗೆ ನೀರಿದೆ, ಇಲ್ಲವೇ ಉರಿಯದ ವಸ್ತು ಜಾಸ್ತಿಯಾಗಿದೆ. ಆದ್ದರಿಂದ ಮೊದಲು ತೇವ ನೋಡಿ, ಆಮೇಲೆ ದಪ್ಪ, ಕೊನೆಗೆ ಅಳತೆ. ಈ ಕ್ರಮ ತಪ್ಪಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಹೋಲಿಸಿ ನೋಡುವುದಕ್ಕೆ ಒಂದು ಅಳತೆ ಬೇಕಲ್ವಾ? ನಾನು ಇಟ್ಟುಕೊಂಡಿರುವುದು ಇದು. 100 ಗ್ರಾಂ ಒಣ ಪುಡಿಯಲ್ಲಿ ದೇವದಾರು ಅಥವಾ ಗಂಧದ ಮರದ ಪುಡಿ 40 ಗ್ರಾಂ, ಇದ್ದಿಲ ಪುಡಿ 20, ಜಿಗಟು ಪುಡಿ (ಎಲ್ಲವನ್ನೂ ಅಂಟಿಸುವ ಮರದ ತೊಗಟೆಯ ಪುಡಿ) 20, ಸಾಂಬ್ರಾಣಿ, ಗುಗ್ಗುಳ, ರಾಳದಂಥ ಅಂಟುಗಳು ಎಲ್ಲ ಸೇರಿ 10, ಲಾವಂಚ, ಕಚೋರ, ಜಟಾಮಾಂಸಿ, ಲವಂಗದಂಥವು 10. ಇದ್ದಿಲು ಬೇಡವೆನ್ನುವವರು ಅದರ ಜಾಗಕ್ಕೆ ಚೆನ್ನಾಗಿ ಒಣಗಿದ ಬೆರಣಿಯ ಪುಡಿ ಹಾಕಬಹುದು. ಎಲ್ಲವೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಅಳತೆಗೆ ಅಡುಗೆಮನೆಯ ತಕ್ಕಡಿ ಸಾಕು. ಚಮಚದಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಯಾಕೆಂದರೆ ಒಂದು ಚಮಚ ಇದ್ದಿಲಿಗೂ ಒಂದು ಚಮಚ ಸಾಂಬ್ರಾಣಿಗೂ ತೂಕದಲ್ಲಿ ತುಂಬಾ ವ್ಯತ್ಯಾಸ.

ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಆರಿಹೋಗುತ್ತದೆ

ಮುಕ್ಕಾಲು ಪಾಲು ದೂರು ಇದೇ. ಆರಿಹೋದ ಬತ್ತಿಯನ್ನು ಬಿಸಾಡಬೇಡಿ, ಬೆಳಕಿಗೆ ಹಿಡಿದು ತುದಿ ನೋಡಿ.

ಮೊದಲು ಅದನ್ನು ಮಧ್ಯಕ್ಕೆ ಮುರಿಯಿರಿ. ಒಣಗಿದ ಬತ್ತಿ ಟಕ್ ಎಂದು ಮುರಿಯುತ್ತದೆ. ಮುರಿಯುವ ಮೊದಲು ಸ್ವಲ್ಪವಾದರೂ ಬಾಗಿದರೆ ಒಳಗೆ ತೇವ ಇದೆ. ಮುರಿದ ಜಾಗದಲ್ಲಿ ನಡುವಿನ ಬಣ್ಣ ಅಂಚಿನ ಬಣ್ಣಕ್ಕಿಂತ ಕಪ್ಪಗಿದ್ದರೂ ಅದೇ ಅರ್ಥ. ಹೊರಗೆ ಮುಟ್ಟಿದರೆ ಒಣಗಿದ ಹಾಗೆಯೇ ಇರುತ್ತದೆ, ಅಲ್ಲಿಯೇ ಎಲ್ಲರೂ ಮೋಸ ಹೋಗುವುದು. ಖಚಿತ ಮಾಡಿಕೊಳ್ಳಬೇಕಾದರೆ ನಾಲ್ಕೈದು ಬತ್ತಿಗಳನ್ನು ಒಟ್ಟಿಗೆ ತೂಗಿ ಬರೆದಿಡಿ, ಮಾರನೇ ದಿನ ಮತ್ತೆ ತೂಗಿ. ತೂಕ ಇಳಿದಿದ್ದರೆ ನೀರು ಇನ್ನೂ ಹೋಗುತ್ತಿದೆ ಎಂದರ್ಥ. ತೂಕ ನಿಂತ ಮೇಲೆ ಹಚ್ಚಿ ನೋಡಿ. ಅಲ್ಲಿಯವರೆಗೆ ಅಳತೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ತೇವಕ್ಕೆ ನಮ್ಮ ಕಡೆ ಇನ್ನೊಂದು ಕಾರಣ ಇದೆ. ಜನ ಧೂಪ ಮಾಡಲು ಹೊರಡುವುದೇ ಶ್ರಾವಣದಲ್ಲಿ. ವರಮಹಾಲಕ್ಷ್ಮಿ, ಗೌರಿ-ಗಣೇಶ ಹತ್ತಿರ ಬಂದಾಗ ಉತ್ಸಾಹ. ಹೊರಗೆ ಮಳೆ, ಗೋಡೆಯೇ ಬೆವರುವ ಕಾಲ. ಮಲೆನಾಡು, ಕರಾವಳಿಯಲ್ಲಂತೂ ಆ ತಿಂಗಳಲ್ಲಿ ಬೆರಳು ದಪ್ಪದ ಧೂಪ ಒಣಗುವುದೇ ಇಲ್ಲ. ಹಬ್ಬಕ್ಕೆ ಬೇಕಾದ್ದನ್ನು ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿ ಡಬ್ಬಿಗೆ ಹಾಕಿಡುವುದು ಜಾಣತನ. ಮಳೆಗಾಲದಲ್ಲೇ ಮಾಡಬೇಕಾದರೆ ಸಣ್ಣದಾಗಿ, ತೆಳ್ಳಗೆ ಹೊಸೆಯಿರಿ. ಜೇನು, ಬೆಲ್ಲ, ಹಾಲುಮಡ್ಡಿ (ಒಂದು ಮರದ ಅಂಟು) ಮುಟ್ಟಬೇಡಿ. ಇವು ಮೂರೂ ಗಾಳಿಯ ತೇವವನ್ನು ಎಳೆದುಕೊಳ್ಳುವ ಜಾತಿ. ಹಾಲುಮಡ್ಡಿ ಹಾಕಿದ ಹಳೇ ಶೈಲಿಯ ಮಸಾಲೆ ಬತ್ತಿ ಮುಟ್ಟಿದರೆ ಮೆತ್ತಗಿರುವುದು ಅದಕ್ಕೇ. ಅದು ದೋಷವಲ್ಲ, ಆದರೆ ಮೊದಲ ಸಲ ಮಾಡುವವರಿಗೆ ಬೇಡದ ತಲೆನೋವು.

ತೇವ ಇಲ್ಲ ಎಂದಾದರೆ ದಪ್ಪ ನೋಡಿ. ಕಿರುಬೆರಳಿಗಿಂತ ದಪ್ಪ ಧೂಪಕ್ಕೆ ನಡುವೆ ಗಾಳಿ ತಲುಪುವುದು ಕಷ್ಟ. ಕೋನ್ ಆಗಿದ್ದರೆ ಗಮನಿಸಿ: ಮೇಲಿನ ಮುಕ್ಕಾಲು ಭಾಗ ಚೆನ್ನಾಗಿ ಉರಿದು ಬುಡದಲ್ಲಿ ಮಾತ್ರ ಆರುತ್ತಿದೆಯಾ? ಹಾಗಿದ್ದರೆ ಕೋನ್ ಚೆನ್ನಾಗಿಯೇ ಇದೆ, ತಪ್ಪು ತಟ್ಟೆಯದು. ಹಿತ್ತಾಳೆ, ಸ್ಟೀಲ್ ತಟ್ಟೆ ಕೆಂಡದ ಕಾವನ್ನು ಹೀರಿಕೊಂಡುಬಿಡುತ್ತದೆ. ಕೆಳಗಿನಿಂದ ಗಾಳಿಯೂ ಇಲ್ಲ. ಒಂದು ಬಟ್ಟಲಿಗೆ ಒಣ ಮರಳು ಅಥವಾ ಬೂದಿ ಹಾಕಿ ಅದರ ಮೇಲೆ ಇಡಿ. ಇಷ್ಟು ಮಾಡಿದರೇ ಎಷ್ಟೋ ಜನರ ಸಮಸ್ಯೆ ಮುಗಿಯುತ್ತದೆ.

ಇವೆರಡೂ ಸರಿಯಿದ್ದರೆ ಈಗ ತುದಿಯನ್ನು ಹತ್ತಿರದಿಂದ ನೋಡಿ. ಕಪ್ಪಗೆ ಹೊಳೆಯುತ್ತಾ, ಡಾಂಬರು ಹಚ್ಚಿದ ಹಾಗೆ ಕಾಣುತ್ತಿದ್ದರೆ ಅಂಟು ಜಾಸ್ತಿ. ಸಾಂಬ್ರಾಣಿ, ರಾಳ ಕರಗಿ ಕೆಂಡದ ಮುಂದೆ ಹರಿದು ಪುಡಿಯ ಸಂದುಗಳನ್ನು ಮುಚ್ಚಿಬಿಟ್ಟಿದೆ. ಅಂಟಿನ ಒಟ್ಟು ತೂಕ 100ಕ್ಕೆ 20 ದಾಟಿದರೆ ಇದು ಬಹುತೇಕ ಗ್ಯಾರಂಟಿ. ಅರ್ಧಕ್ಕೆ ಇಳಿಸಿ, ಆ ತೂಕದಷ್ಟು ಮರದ ಪುಡಿ ಸೇರಿಸಿ. ತುಪ್ಪ, ಎಣ್ಣೆ ಹಾಕಿದ್ದರೂ ತುದಿ ಹೀಗೇ ಕಾಣುತ್ತದೆ. ಹೋಮಕ್ಕೆ ತುಪ್ಪ ಸರಿ, ಅಲ್ಲಿ ಜ್ವಾಲೆ ಇರುತ್ತದೆ. ಧೂಪದಲ್ಲಿ ಇರುವುದು ಬರೀ ಕೆಂಡ.

ತುದಿ ಮಂಕಾಗಿದ್ದು, ಬೂದಿ ಉದುರದೆ ಗಟ್ಟಿ ಮೊಳೆಯ ಹಾಗೆ ನಿಂತಿದ್ದರೆ ಜಿಗಟು ಜಾಸ್ತಿಯಾಗಿದೆ, ಅಥವಾ ಜಿಗಟಿನ ಬದಲು ಬೇರೇನೋ ಹಾಕಿದ್ದೀರಿ. ಜಿಗಟು ಎಂದರೆ ಗುಳಮಾವಿನಂಥ ಮರಗಳ ತೊಗಟೆಯ ಪುಡಿ. ಅಂಟಿಸುವುದರ ಜೊತೆ ತಾನೂ ಉರಿಯುತ್ತದೆ, ಆದ್ದರಿಂದ 20 ಗ್ರಾಂ ಹಾಕಬಹುದು. ಅದು ಸಿಗಲಿಲ್ಲವೆಂದು ಗೋಂದನ್ನೋ ಗ್ವಾರ್ ಗಮ್ಮನ್ನೋ ಅದೇ ಲೆಕ್ಕದಲ್ಲಿ 20 ಗ್ರಾಂ ಹಾಕಿದರೆ ಕಲ್ಲಾಗುತ್ತದೆ. ಗ್ವಾರ್ ಗಮ್ ಆದರೆ 3-4 ಗ್ರಾಂ ಸಾಕು. ಗುಳಮಾವಿನ ತೊಗಟೆಗಾಗಿ ಪಶ್ಚಿಮ ಘಟ್ಟದಲ್ಲಿ ಮರಗಳನ್ನು ಸುತ್ತಲೂ ಸುಲಿದು ಸಾಯಿಸಿರುವುದು ಸುಳ್ಳಲ್ಲ. ಹಾಗಾಗಿ ಗ್ವಾರ್ ಗಮ್ ಬಳಸುವವರನ್ನು ನಾನು ತಪ್ಪೆನ್ನುವುದಿಲ್ಲ, ಅಳತೆ ಮಾತ್ರ ಬೇರೆ.

ಬೂದಿ ಬಿಳಿಯಾಗಿ ಚೆನ್ನಾಗಿ ಬಂದು, ಆದರೂ ನಡುನಡುವೆ ಆರುತ್ತಿದ್ದರೆ ಬೆರಣಿಯ ಮೇಲೆ ಅನುಮಾನ ಪಡಿ. ನೆಲದಿಂದ ಬಾಚಿದ ಸಗಣಿಯಲ್ಲಿ ಮಣ್ಣು, ಮರಳು ಇದ್ದೇ ಇರುತ್ತದೆ. ಒಂದು ಚಮಚ ಬೆರಣಿ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಹತ್ತು ನಿಮಿಷ ಬಿಡಿ. ತಳದಲ್ಲಿ ಮರಳು ಕೂತರೆ ಕಾರಣ ಸಿಕ್ಕಿತು. ಬಣ್ಣ ಬರಲಿ ಎಂದು ಕುಂಕುಮ, ರಂಗೋಲಿ ಬಣ್ಣ ಸೇರಿಸುವವರೂ ಇದ್ದಾರೆ. ರಂಗೋಲಿ ಪುಡಿ ಕಲ್ಲಿನ ಪುಡಿ. ಅದು ಉರಿಯುವುದು ಹೇಗೆ?

ಒಣಗುವಾಗ ಬಿರುಕು, ಮುಟ್ಟಿದರೆ ಪುಡಿ

ಇವೆರಡೂ ಒಂದೇ ದೋಷ ಎಂದುಕೊಂಡು ಜನ ಜಿಗಟು ಸುರಿಯುತ್ತಾರೆ. ಆದರೆ ಇವು ಬೇರೆ ಬೇರೆ. ಬಿರುಕು ಬಿಟ್ಟ ತುಂಡನ್ನು ಒತ್ತಿ ನೋಡಿ. ತುಂಡು ಗಟ್ಟಿಯಾಗಿದ್ದು ಬಿರುಕು ಮಾತ್ರ ಇದ್ದರೆ ಬೇಗ ಒಣಗಿದೆ, ಇಲ್ಲವೇ ನೀರು ಜಾಸ್ತಿಯಾಗಿದೆ. ಬಿಸಿಲಿಗೆ ಇಟ್ಟಿರಿ, ಅಥವಾ ಫ್ಯಾನಿನ ಕೆಳಗೆ ಇಟ್ಟಿರಿ. ಹೊರಪದರ ಮೊದಲು ಕುಗ್ಗುತ್ತದೆ, ಒಳಗಿನದು ಇನ್ನೂ ಉಬ್ಬಿದೆ, ಬಿರುಕು ಬಿಡದೆ ಏನು ಮಾಡೀತು? ನೆರಳಿನಲ್ಲಿ, ಮೊರದ ಮೇಲೆ ತೆಳು ಬಟ್ಟೆ ಹಾಸಿ ಒಣಗಿಸಿ. ಮೊದಲ ದಿನ ಆಗಾಗ ಹೊರಳಿಸಿ. ಹೊರಳಿಸದಿದ್ದರೆ ಬಿರುಕಿನ ಬದಲು ಬತ್ತಿ ಸೊಟ್ಟಗಾಗುತ್ತದೆ.

ತುಂಡು ಬೆರಳಿನಲ್ಲೇ ಪುಡಿಯಾದರೆ ಜಿಗಟು ಸಾಲದು, ಅಥವಾ ಇದ್ದ ಜಿಗಟು ಕೆಲಸ ಮಾಡಿಲ್ಲ. ಜಿಗಟು ಪುಡಿ ಹಳೆಯದಾದರೆ ಅಂಟು ಕಡಿಮೆ. ಪರೀಕ್ಷೆ ಸುಲಭ. ಒಂದು ಚಿಟಿಕೆ ಪುಡಿಗೆ ನಾಲ್ಕು ಹನಿ ನೀರು ಹಾಕಿ ಎರಡು ಬೆರಳ ನಡುವೆ ಉಜ್ಜಿ, ಬೆರಳು ಬಿಡಿಸಿ. ಎಳೆ ಎಳೆಯಾಗಿ ಬರಬೇಕು. ಬರೀ ಕೆಸರಿನ ಹಾಗೆ ಜಾರಿದರೆ ಆ ಪುಡಿಯನ್ನು ನಂಬಬೇಡಿ. ಎಳೆ ಬರುತ್ತಿದ್ದೂ ಬತ್ತಿ ಪುಡಿಯಾಗುತ್ತಿದ್ದರೆ ಕಲಸಿದ್ದು ಸಾಲದು. ಹಿಟ್ಟು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆಯಾದರೂ ಬಿಡಿ, ಮತ್ತೆ ನಾದಿ. ಉಂಡೆ ಮಾಡಿ ಒತ್ತಿದಾಗ ಅಂಚು ಸೀಳದಿದ್ದರೆ ಹದ ಬಂದಿದೆ. ಇನ್ನೊಂದು ಕಾರಣ ಪುಡಿಯ ತರಿ. ಚಿರೋಟಿ ರವೆಯಷ್ಟು ತರಿ ಇದ್ದರೂ ಅದು ದಪ್ಪವೇ. ಹಳೇ ಹತ್ತಿ ಸೀರೆಯ ಬಟ್ಟೆಯಲ್ಲಿ ಶೋಧಿಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಇದನ್ನು ಬಿಟ್ಟರೆ ಲಾವಂಚದ ನಾರು, ತುಳಸಿ ಕಡ್ಡಿ ಬತ್ತಿಯೊಳಗೆ ಸಿಕ್ಕಿ, ಉರಿಯುವಾಗ ಚಟಪಟ ಕಿಡಿ ಹಾರುತ್ತದೆ.

ಸಾಂಬ್ರಾಣಿ, ಗುಗ್ಗುಳ ಮಿಕ್ಸಿಯಲ್ಲಿ ಪುಡಿಯಾಗುವುದಿಲ್ಲ, ಜಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಮಿಕ್ಸಿಯ ಬಿಸಿಗೆ ಕರಗುವುದೇ ಕಾರಣ. ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟು, ಅದರ ಜೊತೆ ಒಂದು ಹಿಡಿ ಮರದ ಪುಡಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಅಥವಾ ಕುಟ್ಟಾಣಿಯೇ ಲೇಸು.

ಬಿದಿರು ಕಡ್ಡಿಗೆ ಹೊಸೆಯುವವರಿಗೆ ಒಂದು ಮಾತು. ಹಿಟ್ಟು ಕಡ್ಡಿಯಿಂದ ಜಾರಿ ಕೊಳವೆಯಂತೆ ಕಳಚಿ ಬರುತ್ತಿದ್ದರೆ ಕೈಗೋ ಮಣೆಗೋ ಎಣ್ಣೆ ಸವರಿರುತ್ತೀರಿ. ಎಣ್ಣೆ ಬೇಡ. ಅಂಟದಿರಲು ಮಣೆಯ ಮೇಲೆ ಜಿಗಟು ಪುಡಿಯನ್ನೇ ಚಿಟಿಕೆ ಉದುರಿಸಿ. ಬಿದಿರು ಸುಡಬಾರದು ಎಂಬ ನಂಬಿಕೆ ಇರುವ ಮನೆಗಳಲ್ಲಿ ಪೂಜೆಗೆ ಕಡ್ಡಿಯಿಲ್ಲದ ಧೂಪವೇ ನಡೆಯುತ್ತದೆ, ಅವರಿಗೆ ಈ ತಾಪತ್ರಯ ಇಲ್ಲ.

ಉರಿಯುತ್ತದೆ, ಆದರೆ ಪರಿಮಳ ಇಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪರಿಮಳ ಬರುವುದು ಕೆಂಡದಿಂದ ಅಲ್ಲ. ಕೆಂಡದಲ್ಲಿ ಎಲ್ಲವೂ ಸುಟ್ಟು ಹೋಗುತ್ತದೆ. ಕೆಂಡಕ್ಕೆ ಸ್ವಲ್ಪ ಹಿಂದೆ, ಇನ್ನೂ ಸುಡದ ಆದರೆ ಬಿಸಿಯಾದ ಒಂದು ಕಿರಿದಾದ ಪಟ್ಟಿ ಇರುತ್ತದೆ. ಅಲ್ಲಿ ಎಣ್ಣೆಗಳು ಆವಿಯಾಗಿ ಮೂಗಿಗೆ ಬರುತ್ತವೆ. ಕೆಂಡ ತೀರಾ ಬಿಸಿಯಾದರೆ, ವೇಗವಾಗಿ ಓಡಿದರೆ, ಆ ಪಟ್ಟಿ ಕಿರಿದಾಗಿ ಪರಿಮಳದ ಎಣ್ಣೆ ಆವಿಯಾಗುವ ಮೊದಲೇ ಸುಟ್ಟುಹೋಗುತ್ತದೆ. ಬತ್ತಿ ಬೇಗ ಬೇಗ ಮುಗಿಯುತ್ತಿದ್ದು ಬರೀ ಹೊಗೆ ವಾಸನೆ ಬಂದರೆ ಇದ್ದಿಲು ಜಾಸ್ತಿ ಎಂದು ತಿಳಿಯಿರಿ. 20ರಿಂದ 10ಕ್ಕೆ ಇಳಿಸಿ ನೋಡಿ.

ಉರಿ ನಿಧಾನ ಇದ್ದೂ ವಾಸನೆ ಕೆಟ್ಟದಿದ್ದರೆ ಸಾಮಗ್ರಿಯನ್ನು ಒಂದೊಂದಾಗಿ ವಿಚಾರಿಸಬೇಕು. ಕರಟದ ಕೆಂಡ ಮಾಡಿ, ಅದರ ಮೇಲೆ ತೆಳ್ಳಗೆ ಬೂದಿ ಉದುರಿಸಿ. ಆ ಬೂದಿಯ ಮೇಲೆ ಪ್ರತಿಯೊಂದರಲ್ಲೂ ಒಂದು ಚಿಟಿಕೆ ಇಟ್ಟು ಮೂಸಿ ನೋಡಿ. ಬೂದಿ ಇಲ್ಲದೆ ನೇರ ಕೆಂಡಕ್ಕೆ ಹಾಕಿದರೆ ಎಂಥ ಒಳ್ಳೆಯ ಸಾಂಬ್ರಾಣಿಯೂ ಕಪ್ಪು ಹೊಗೆ ಬಿಡುತ್ತದೆ, ತೀರ್ಪು ತಪ್ಪಾಗುತ್ತದೆ. ಹೀಗೆ ನೋಡಿದಾಗ ಕೆಲವು ಗುಟ್ಟು ಬಯಲಾಗುತ್ತವೆ.

ಒಣ ಮಲ್ಲಿಗೆ, ಗುಲಾಬಿ ದಳ, ಸೇವಂತಿಗೆ ಸುಟ್ಟರೆ ಒಣ ಎಲೆ ಸುಟ್ಟ ವಾಸನೆ, ಅಷ್ಟೇ. ಹೂವಿನ ಪರಿಮಳ ಒಣಗುವಾಗಲೇ ಹೋಗಿರುತ್ತದೆ. ದೇವರ ಹೂವನ್ನು ವ್ಯರ್ಥ ಮಾಡಬಾರದು ಎಂಬ ಭಾವನೆ ಸರಿ. ಮರದ ಪುಡಿಯ ಪಾಲಿನಲ್ಲಿ ಸ್ವಲ್ಪ ಕಡಿಮೆ ಮಾಡಿ 10 ಗ್ರಾಂ ಹೂಪುಡಿ ಹಾಕಿ, ಆದರೆ ಅದರಿಂದ ಪರಿಮಳ ಬಯಸಬೇಡಿ. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರಬಹುದು ಎಂಬುದೂ ನೆನಪಿರಲಿ. ಬೇರು, ತೊಗಟೆ, ಅಂಟು ಮಾತ್ರ ಬೆಂಕಿಯಲ್ಲಿ ಮಾತಾಡುತ್ತವೆ. ಲಾವಂಚ, ಜಟಾಮಾಂಸಿ, ಕಚೋರ ಇವೆಲ್ಲ ಹಾಕಿದಷ್ಟಕ್ಕೆ ಫಲ ಕೊಡುತ್ತವೆ. ದವನ, ಮರುಗ ಕೂಡ ಒಂದು ಮಟ್ಟಿಗೆ ಪರವಾಗಿಲ್ಲ. ಲವಂಗ, ಚಕ್ಕೆ ಕೈ ಬಿಗಿ ಹಿಡಿದು ಹಾಕಿ, 2 ಗ್ರಾಂ ದಾಟಿದರೆ ಧೂಪ ಗಂಟಲು ಹಿಡಿಯುತ್ತದೆ.

ಸಾಂಬ್ರಾಣಿ ಬೂದಿಯ ಮೇಲೆ ಸಿಹಿಯಾದ, ವೆನಿಲ್ಲಾ ಹೋಲುವ ವಾಸನೆ ಕೊಡಬೇಕು. ಟರ್ಪೆಂಟೈನ್, ಪೇಂಟ್ ಅಂಗಡಿ ನೆನಪಾದರೆ ಅದರಲ್ಲಿ ಪೈನ್ ಮರದ ಅಂಟು ಬೆರೆತಿದೆ. ಅಂಗಡಿಯಲ್ಲಿ ಬಿಲ್ಲೆಯಾಗಿ ಸಿಗುವ ಕಂಪ್ಯೂಟರ್ ಸಾಂಬ್ರಾಣಿಯನ್ನು ಪುಡಿ ಮಾಡಿ ಹಾಕುವವರಿದ್ದಾರೆ. ಅದರಲ್ಲಿ ಇದ್ದಿಲು, ಬೈಂಡರ್ ಮೊದಲೇ ಇರುತ್ತದೆ, ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಗಂಧದ ಪುಡಿಯದು ಬೇರೆಯೇ ಕಥೆ. ಶ್ರೀಗಂಧದ ಎಣ್ಣೆ ಇರುವುದು ಮರದ ತಿರುಳಿನಲ್ಲಿ, ಹೊರಗಿನ ಬಿಳಿ ಭಾಗದಲ್ಲಿ ಏನೂ ಇಲ್ಲದಷ್ಟು ಕಡಿಮೆ. ಅಗ್ಗಕ್ಕೆ ಸಿಕ್ಕ ಗಂಧದ ಪುಡಿ ಪೊಟ್ಟಣದಲ್ಲಿ ಘಮ್ಮೆನ್ನುತ್ತದೆ, ಬೂದಿಯ ಮೇಲೆ ಮೊದಲ ಕ್ಷಣ ಘಾಟು ಸೆಂಟಿನ ವಾಸನೆ ಬಂದು ಆಮೇಲೆ ಮರದ ಹೊಟ್ಟು ಸುಟ್ಟ ವಾಸನೆ ಬರುತ್ತದೆ. ನಿಜವಾದ ತಿರುಳಿನ ಪುಡಿ ತಣ್ಣಗಿದ್ದಾಗ ಅಷ್ಟೇನೂ ಕೂಗುವುದಿಲ್ಲ, ಬಿಸಿಯಾದ ಮೇಲೆ ಮೆಲ್ಲಗೆ ಏರಿ ಬಹಳ ಹೊತ್ತು ಉಳಿಯುತ್ತದೆ. ಬೆಲೆ ಜಾಸ್ತಿ ಇರುವುದರಿಂದ 40 ಗ್ರಾಮನ್ನೂ ಅದೇ ಹಾಕಬೇಕಿಲ್ಲ. ದೇವದಾರು 30, ಗಂಧ 10 ಸಾಕು.

ಬಡಗಿಯ ಅಂಗಡಿಯ ಹೊಟ್ಟನ್ನು ಮರದ ಪುಡಿ ಎಂದು ತರಬೇಡಿ. ಈಗ ಅಲ್ಲಿ ಕೊಯ್ಯುವುದು ಹೆಚ್ಚಾಗಿ ಪ್ಲೈವುಡ್, ಎಂಡಿಎಫ್. ಅದರಲ್ಲಿರುವ ಗೋಂದಿನ ಹೊಗೆ ಕಣ್ಣು ಉರಿಸುತ್ತದೆ, ಎದೆಗೂ ಒಳ್ಳೆಯದಲ್ಲ. ಅನುಮಾನ ಇದ್ದರೆ ಆ ಹೊಟ್ಟನ್ನೇ ಬಿಡಿ.

ಎಸೆನ್ಷಿಯಲ್ ಆಯಿಲ್ ಹಾಕುವವರಿಗೆ: ನೀರಿನ ಜೊತೆ ಹಾಕಿದರೆ ಅದು ಬೆರೆಯುವುದಿಲ್ಲ, ಒಂದೊಂದು ಬತ್ತಿಗೆ ಒಂದೊಂದು ಕಡೆ ಕಲೆ ಬೀಳುತ್ತದೆ. ಮೊದಲು ಮರದ ಪುಡಿಗೆ ಹನಿ ಹಾಕಿ ಉಜ್ಜಿ, ಒಂದು ರಾತ್ರಿ ಮುಚ್ಚಿಟ್ಟು, ಆಮೇಲೆ ಕಲಸಿ. ನಿಂಬೆ, ಕಿತ್ತಳೆಯಂಥ ಹಗುರ ಎಣ್ಣೆಗಳು ಒಣಗುವ ಹೊತ್ತಿಗೇ ಹಾರಿಹೋಗುತ್ತವೆ. ಲಾವಂಚ, ಗಂಧ, ಪಚ್ಚೋಲಿ ಉಳಿಯುತ್ತವೆ. ಇನ್ನು ಅಂಗಡಿಯ ಊದುಬತ್ತಿಯಂತೆ ಬೀದಿಯವರೆಗೆ ಘಮಘಮ ಬರಲಿಲ್ಲ ಎಂಬ ದೂರು. ಅಲ್ಲಿ ಕಪ್ಪು ಕಚ್ಚಾ ಬತ್ತಿಯನ್ನು ಸೆಂಟ್ ಬೆರೆಸಿದ ದ್ರಾವಣದಲ್ಲಿ ಅದ್ದಿರುತ್ತಾರೆ, ಆ ಸೆಂಟನ್ನು ತೆಳು ಮಾಡಲು ಡಿಇಪಿ ಎಂಬ ರಾಸಾಯನಿಕ ಬಳಸುವುದೂ ಸಾಮಾನ್ಯ. ನೀವು ಮಾಡಿದ್ದು ಕೋಣೆಯ ಒಳಗೆ ಮೆಲ್ಲಗೆ ಹರಡಿದರೆ ಅದರಲ್ಲಿ ದೋಷ ಹುಡುಕಬೇಡಿ. ಒಣಗಿದ ಬತ್ತಿಯನ್ನು ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಇಟ್ಟು ಹಚ್ಚಿದರೆ ಪರಿಮಳ ಇನ್ನೂ ಕೂಡಿಕೊಂಡಿರುತ್ತದೆ.

ಮೇಲೆ ಬಿಳಿ ಬಿಳಿ ಕಾಣುತ್ತಿದೆ

ಬಿಸಾಡುವ ಮೊದಲು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಸೂಜಿಗಳ ಹಾಗೆ ಮಿನುಗುತ್ತಿದ್ದು, ಮೂಸಿದರೆ ಕರ್ಪೂರದ ವಾಸನೆ ಬಂದರೆ ಅದು ಕರ್ಪೂರವೇ. ಬತ್ತಿಯೊಳಗಿಂದ ಆವಿಯಾಗಿ ಬಂದು ಮೇಲೆ ಹರಳಾಗಿದೆ. ಏನೂ ತೊಂದರೆ ಇಲ್ಲ, ಆದರೆ ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಕರ್ಪೂರವೆಲ್ಲ ಖಾಲಿಯಾಗುತ್ತದೆ. ಮಿನುಗದೆ ತುಪ್ಪಳದ ಹಾಗೆ ಇದ್ದು, ಹಸಿರು ಅಥವಾ ಬೂದು ಛಾಯೆ, ಮುಗ್ಗು ವಾಸನೆ ಇದ್ದರೆ ಬೂಷ್ಟು. ಒರೆಸಿ ಹಚ್ಚುವ ಆಲೋಚನೆ ಬೇಡ. ಹಸಿ ಸಗಣಿಯಿಂದಲೇ ಕಲಸಿದ ಧೂಪಕ್ಕೆ ಬೂಷ್ಟು ಬಹಳ ಬೇಗ ಬರುತ್ತದೆ, ಹಾಲು-ಮೊಸರು ಪಂಚಗವ್ಯ ಹಾಕಿದ್ದಕ್ಕೆ ಇನ್ನೂ ಬೇಗ. ಅಂಥದ್ದನ್ನು ತೆಳ್ಳಗೆ ಮಾಡಿ, ಬಿರುಬೇಸಿಗೆಯಲ್ಲಿ ಮಾತ್ರ ಮಾಡಿ. ಕರ್ಪೂರ ಇರುವ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಕರ್ಪೂರ ನುಂಗಿದರೆ ಚಿಕ್ಕ ಮಕ್ಕಳಿಗೆ ಅಪಾಯ.

ಕೆಮ್ಮು, ಕಣ್ಣುರಿ

ಹೊಗೆ ಬಿಳಿಯಾಗಿ ದಟ್ಟವಾಗಿದ್ದರೆ ತೇವ ಅಥವಾ ಅಂಟು ಜಾಸ್ತಿ, ಮೇಲೆ ಹೇಳಿದಂತೆ ಸರಿಮಾಡಿ. ಕಪ್ಪಾಗಿದ್ದರೆ ಎಣ್ಣೆ, ತುಪ್ಪ ಅಥವಾ ನೇರ ಕೆಂಡ. ಹಚ್ಚಿದ ತಕ್ಷಣ ಜ್ವಾಲೆ ಆರಿಸದೆ ಬಿಟ್ಟರೂ ಮಸಿ ಬರುತ್ತದೆ. ಎಲ್ಲ ಸರಿಯಿದ್ದೂ ಕೆಮ್ಮು ಬಂದರೆ ದೋಷ ಬತ್ತಿಯಲ್ಲಿಲ್ಲ, ಕೋಣೆಯಲ್ಲಿದೆ. ನೈಸರ್ಗಿಕ ಧೂಪದ ಹೊಗೆಯೂ ಹೊಗೆಯೇ. ಕಿಟಕಿ ತೆರೆಯಿರಿ, ಒಂದು ಸಲಕ್ಕೆ ಒಂದೇ ಹಚ್ಚಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಧೂಪಾರತಿ ಇಟ್ಟು ಮಲಗಲೇಬಾರದು, ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇರುವುದಿಲ್ಲ. ಎಣ್ಣೆನೀರು ಹಾಕಿದ ಮಗುವಿಗೆ ಸಾಂಬ್ರಾಣಿ ಹೊಗೆ ತೋರಿಸುವ ರೂಢಿ ಎಷ್ಟೋ ಮನೆಗಳಲ್ಲಿ ಇದೆ. ಅಜ್ಜಿಯಂದಿರಿಗೆ ಬೇಜಾರಾದರೂ ಸರಿ, ಎಳೆಯ ಕೂಸಿಗೆ, ಅಸ್ತಮಾ ಇರುವವರಿಗೆ ಹೊಗೆ ಬೇಡ ಎಂಬ ಕಡೆಗೇ ನಾನು.

ಚೆನ್ನಾಗಿ ಉರಿಯಲಿ ಎಂದು ಪೆಟ್ಲುಪ್ಪು ಹಾಕುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದು ಪಟಾಕಿಗೆ ಬಳಸುವ ವಸ್ತು. ಒಣಗಿದ, ತೆಳ್ಳಗಿನ ಬತ್ತಿಗೆ ಅದರ ಅಗತ್ಯವೇ ಇಲ್ಲ.

ಕೆಟ್ಟ ಬತ್ತಿಗಳನ್ನು ಏನು ಮಾಡುವುದು

ಬಿರುಕು ಬಿಟ್ಟಿದ್ದು, ಸೊಟ್ಟಗಾಗಿದ್ದು, ಪುಡಿಯಾಗಿದ್ದನ್ನು ಕುಟ್ಟಿ ಶೋಧಿಸಿ ಮತ್ತೆ ಕಲಸಬಹುದು. ನೀರು ತಾಗಿದರೆ ಜಿಗಟು ಸ್ವಲ್ಪ ಮಟ್ಟಿಗೆ ಮತ್ತೆ ಅಂಟುತ್ತದೆ. 100 ಗ್ರಾಂ ಹಳೆಯದಕ್ಕೆ 5 ಗ್ರಾಂ ಹೊಸ ಜಿಗಟು ಸೇರಿಸಿ. ಅಂಟು ಜಾಸ್ತಿಯಾಗಿ ಆರಿಹೋಗುತ್ತಿದ್ದುದನ್ನು ಕುಟ್ಟಿ, ಅಷ್ಟೇ ತೂಕದ ಮರದ ಪುಡಿ ಮತ್ತು ಅದಕ್ಕೆ ತಕ್ಕಷ್ಟು ಜಿಗಟು ಸೇರಿಸಿದರೆ ಒಳ್ಳೆಯ ಧೂಪವೇ ಆಗುತ್ತದೆ. ಕಲಸುವ ತಾಳ್ಮೆ ಇಲ್ಲದಿದ್ದರೆ ಪುಡಿಯನ್ನು ಹಾಗೇ ಡಬ್ಬಿಯಲ್ಲಿಟ್ಟು, ಶುಕ್ರವಾರ, ಅಮಾವಾಸ್ಯೆಗೆ ಬೂದಿ ಮುಚ್ಚಿದ ಕೆಂಡದ ಮೇಲೆ ಚಿಟಿಕೆ ಚಿಟಿಕೆ ಹಾಕಿ. ಗ್ವಾರ್ ಗಮ್ ಜಾಸ್ತಿಯಾಗಿ ಕಲ್ಲಾದದ್ದನ್ನು ಕುಟ್ಟಲು ಕೂತರೆ ಕೈ ನೋವು ಬರುತ್ತದೆ, ಅದನ್ನು ಒಲೆಗೆ ಹಾಕಿ. ಬೂಷ್ಟು ಬಂದದ್ದು, ಪ್ಲೈವುಡ್ ಹೊಟ್ಟು ಬೆರೆತದ್ದು ಒಲೆಗೂ ಬೇಡ, ನೇರ ಕಸಕ್ಕೆ.